ನೀರುನಾಯಿಗೇ ಏಕೆ ಹೆಚ್ಚು ವಿಷ?

ಪ್ರಶ್ನೆ: ತುಂಗಭದ್ರೆಗೆ ಪಾದರಸ ಸೇರಿದರೆ ಮೀನಿಗಿಂತ ನೀರುನಾಯಿಗೇ ಹೆಚ್ಚು ಅಪಾಯ ಅಂತಾರಲ್ಲ, ಯಾಕೆ? — ಓದುಗರೊಬ್ಬರು, ರಾಣೆಬೆನ್ನೂರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿದ್ದೀರಲ್ಲ? ಚೀಲ ಬರುತ್ತದೆ, ತೂಕವಾಗುತ್ತದೆ, ಲಾರಿ ಹತ್ತಿ ಹೋಗುತ್ತದೆ. ಒಂದೊಂದು ಚೀಲ ಉದುರಿಸುವ ಪುಡಿ ಚಿಟಿಕೆಯಷ್ಟೇ. ಆದರೆ ಸಂಜೆ ಕಸ ಗುಡಿಸುವಾಕೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲೇಬೇಕು, ಅಷ್ಟು ಘಾಟು.

ಪಾದರಸದ ಕಥೆಯೂ ಇದೇ. ನದಿಯ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದನ್ನು ಪಾಚಿ ಹೀರುತ್ತದೆ. ಪಾಚಿಯನ್ನು ನೀರಹುಳು, ಹುಳುವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು ತಿನ್ನುತ್ತದೆ. ಆಹಾರ ಕರಗಿ ಖರ್ಚಾಗುತ್ತದೆ. ಪಾದರಸ ಮಾಂಸದಲ್ಲೇ ಉಳಿದು ಹಂತಹಂತಕ್ಕೂ ಹೆಚ್ಚುತ್ತದೆ. ದಿನಕ್ಕೆ ಸುಮಾರು 1 ಕಿಲೋ ಮೀನು ತಿನ್ನುವ ನೀರುನಾಯಿಗೆ ಸಿಗುವುದು ಆ ಸಂಜೆಯ ರಾಶಿಯೇ! ವಿಷ ಮಿದುಳಿಗೇರಿದರೆ ಈಜು, ಬೇಟೆ ಎರಡೂ ಕೈಕೊಡುತ್ತವೆ. ಜಪಾನಿನ ಮಿನಮಾಟಾದಲ್ಲಿ 1950ರ ದಶಕದಲ್ಲಿ ಇಂಥದೇ ಪಾದರಸ ಸೇರಿದ ಮೀನು ತಿಂದ ಬೆಕ್ಕುಗಳು ನಡುಗಿ, ತೂರಾಡಿ ಸತ್ತವು.

ವಿಕಿರಣಶೀಲ ಸೀಸಿಯಂ ಕೂಡ ಆಹಾರ ಸರಪಳಿಯಲ್ಲಿ ಹೀಗೇ ಮೇಲೇರುತ್ತದೆ. 1986ರ ಚೆರ್ನೊಬಿಲ್ ದುರಂತದ ನಂತರ ಸ್ವೀಡನ್ನಿನಲ್ಲಿ ಅದು ಕಲ್ಲುಹೂವಿನಿಂದ ಹಿಮಸಾರಂಗಕ್ಕೆ, ಅಲ್ಲಿಂದ ಲಿಂಕ್ಸ್ ಎಂಬ ಕಾಡುಬೆಕ್ಕಿಗೆ ಸೇರಿತು.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನಿಮ್ಮ ತಾಲ್ಲೂಕಿನ ದಡ ದಾಟಿದ ನೀರೇ ಅಣೆಕಟ್ಟು ಹಾದು ಅಲ್ಲಿಗೆ ತಲುಪುವುದು.