ಕಣಗಿಲೆಯ ವಿಷ, ಹೃದಯದ ಔಷಧ

ಹೂವಿನಹಡಗಲಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮಲ್ಲಿಗೆ. ಅದೇ ತಾಲ್ಲೂಕಿನ ಇಟ್ಟಿಗಿಯ ಕಡೆ, ಹಾಗೆಯೇ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಕಡೆ ನಡೆದರೆ ಇನ್ನೊಂದು ಹೂವೂ ಕಾಣಸಿಗುತ್ತದೆ. ಅದು ಕಣಗಿಲೆ. ಕೆಂಪು, ಬಿಳಿ ಕಣಗಿಲೆ ದೇವರ ಪೂಜೆಗೆ ಸಲ್ಲುತ್ತದೆ. ಹಳದಿ ಹೂವಿನ ಕಾಡುಕಣಗಿಲೆ ಬೇಲಿಗೆ ಒದಗುತ್ತದೆ. ದನಕರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಏಕೆಂದರೆ ಇದರ ಎಲೆ, ಹಾಲು, ಬೀಜ ಎಲ್ಲವೂ ವಿಷ. ಆ ವಿಷ ನೇರವಾಗಿ ನಾಟುವುದು ಹೃದಯಕ್ಕೆ. ಹೃದಯಕ್ಕೆ ನಾಟುವ ಈ ಗುಣವೇ ವೈದ್ಯವಿಜ್ಞಾನದ ಒಂದು ದೊಡ್ಡ ಅಧ್ಯಾಯಕ್ಕೆ ಮೂಲವಾಯಿತು ಎಂದರೆ ಆಶ್ಚರ್ಯವಲ್ಲವೆ?

ಮೊದಲು ಕಾಯಿಲೆಯನ್ನು ತಿಳಿಯೋಣ. ಆರೋಗ್ಯವಂತನ ಹೃದಯ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7,000 ಲೀಟರಿಗೂ ಹೆಚ್ಚು. ಹೃದಯಾಘಾತ, ಹೆಚ್ಚಿದ ರಕ್ತದೊತ್ತಡ ಅಥವಾ ಕವಾಟದ ರೋಗದಿಂದ ಸ್ನಾಯು ಸೋತರೆ ಈ ಕೆಲಸ ಕುಂಟುತ್ತದೆ. ಇದೇ ಹೃದಯ ವೈಫಲ್ಯ. ಹೃದಯ ನಿಂತುಹೋಯಿತು ಎಂದು ಇದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ತಳ್ಳಲಾರದು ಎಂದು ಅರ್ಥ. ರಕ್ತ ಸಾಲದೆಂದು ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಕಾಲು ಬಾತುಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನಿದ್ದ. ಮೈಬಾವಿಗೆ ಹಳ್ಳಿಯ ಮುದುಕಿಯೊಬ್ಬಳು ಕೊಡುತ್ತಿದ್ದ ಮದ್ದಿನ ಸುದ್ದಿ 1775ರಲ್ಲಿ ಅವನ ಕಿವಿಗೆ ಬಿತ್ತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳಿದ್ದವು. ಅವುಗಳಲ್ಲಿ ಗುಣ ಕೊಡುವುದು ಫಾಕ್ಸ್‌ಗ್ಲವ್, ಅಂದರೆ ಡಿಜಿಟಾಲಿಸ್ ಗಿಡ ಎಂದು ಅವನು ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಗುಣವಾದವರನ್ನೂ ಆಗದವರನ್ನೂ ಬರೆದಿಟ್ಟು, 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ, ನಾಡಿ ನಿಧಾನವಾಗುತ್ತದೆ, ವಸ್ತುಗಳು ಹಳದಿಯಾಗಿ ಕಾಣುತ್ತವೆ ಎಂದೂ ಎಚ್ಚರಿಸಿದ. ಡಿಜಿಟಾಲಿಸ್‌ನ ಇನ್ನೊಂದು ಜಾತಿಯಿಂದ 1930ರಲ್ಲಿ ಶುದ್ಧ ಡಿಗಾಕ್ಸಿನ್ ಅನ್ನು ಬೇರ್ಪಡಿಸಲಾಯಿತು.

ಇದು ಕೆಲಸ ಮಾಡುವ ಬಗೆ ಹೀಗೆ. ಹೃದಯದ ಪ್ರತಿ ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರಗೆ, ಪೊಟ್ಯಾಸಿಯಂ ಅನ್ನು ಒಳಗೆ ಸಾಗಿಸುವ ಒಂದು ಪಂಪಿದೆ. ಡಿಗಾಕ್ಸಿನ್ ಆ ಪಂಪನ್ನು ಸ್ವಲ್ಪ ತಡೆಯುತ್ತದೆ. ಒಳಗೆ ಸೋಡಿಯಂ ಹೆಚ್ಚುತ್ತದೆ; ಅದರಿಂದಾಗಿ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗುತ್ತದೆ. ಸ್ನಾಯು ಸಂಕುಚಿಸಲು ಬೇಕಾದದ್ದೇ ಕ್ಯಾಲ್ಸಿಯಂ. ಆದ್ದರಿಂದ ಮಿಡಿತಕ್ಕೆ ಬಲ ಬರುತ್ತದೆ. ಕಣಗಿಲೆಯ ವಿಷ ತಡೆಯುವುದೂ ಇದೇ ಪಂಪನ್ನು. ಕಾಡುಕಣಗಿಲೆಯ ಬೀಜದಿಂದ ತೆಗೆದ ಪೆರುವೋಸೈಡ್ ಎಂಬ ವಸ್ತುವನ್ನು ನಮ್ಮ ದೇಶದಲ್ಲೇ ಹೃದ್ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 1970ರಲ್ಲಿ ಪ್ರಕಟವಾಗಿತ್ತು.

ಹಾಗಾದರೆ ಬೇಲಿಯ ಗಿಡದಿಂದಲೇ ಮದ್ದು ಮಾಡಿಕೊಳ್ಳಬಾರದೇಕೆ? ಉತ್ತರ ಲೆಕ್ಕದಲ್ಲಿದೆ. ಒಂದು ಡಿಗಾಕ್ಸಿನ್ ಮಾತ್ರೆಯಲ್ಲಿ ಔಷಧ ಇರುವುದು 0.25 ಮಿಲಿಗ್ರಾಂ ಮಾತ್ರ. ಒಂದು ಗ್ರಾಂ ಔಷಧದಿಂದ 4,000 ಮಾತ್ರೆ! ಗುಣ ಕೊಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಎಲೆಯಿಂದ ಎಲೆಗೆ, ಬೀಜದಿಂದ ಬೀಜಕ್ಕೆ ವಿಷದ ಅಂಶ ಬದಲಾಗುತ್ತದೆ. ಅದನ್ನು ಕೈಯಳತೆಯಲ್ಲಿ ಹಿಡಿಯಲಾಗದು. ಮಕ್ಕಳು ಆಟಕ್ಕೆಂದು ಕಣಗಿಲೆ ಬೀಜ ಜಗಿದರೆ, ವಾಂತಿ ಮಾಡಿಸುತ್ತ ಕೂರದೆ, ಆ ಗಿಡದ ತುಂಡಿನೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾತ್ರೆಯಲ್ಲಿಯೂ ಎಚ್ಚರ ಬೇಕು. ನೀರು ಇಳಿಸಲು ಕೊಡುವ ಫ್ರುಸೆಮೈಡ್‌ನಂಥ ಮಾತ್ರೆಗಳು ಮೂತ್ರದೊಂದಿಗೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಅದೇ ಪ್ರಮಾಣದ ಡಿಗಾಕ್ಸಿನ್ ವಿಷವಾಗಬಹುದು. ಮೂತ್ರಪಿಂಡ ದುರ್ಬಲವಾದವರಲ್ಲಿ ಔಷಧ ದೇಹದಲ್ಲೇ ಉಳಿದು ಕೂಡಿಕೊಳ್ಳುತ್ತದೆ. ಆಗಾಗ ರಕ್ತಪರೀಕ್ಷೆ ಮಾಡಿಸುವುದು ಇದಕ್ಕಾಗಿ.

1997ರಲ್ಲಿ ಪ್ರಕಟವಾದ 6,800 ರೋಗಿಗಳ ಅಧ್ಯಯನವೊಂದು ಡಿಗಾಕ್ಸಿನ್‌ನ ಸ್ಥಾನವನ್ನು ಸ್ಪಷ್ಟಪಡಿಸಿತು. ಅದು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಸಾವನ್ನು ಕಡಿಮೆ ಮಾಡಲಿಲ್ಲ. ಆಯುಷ್ಯ ಹೆಚ್ಚಿಸುವ ಔಷಧಗಳು ಬೇರೆಡೆಯಿಂದ ಬಂದವು. ಬ್ರೆಜಿಲ್ಲಿನ ಒಂದು ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೋಪ್ರಿಲ್ ಹುಟ್ಟಿತು. ಅದೇ ಗುಂಪಿನ ಎನಾಲಾಪ್ರಿಲ್ ಅನ್ನು ತೀವ್ರ ರೋಗಿಗಳಿಗೆ ಕೊಟ್ಟಾಗ ಆರು ತಿಂಗಳ ಸಾವಿನ ಪ್ರಮಾಣ ಶೇಕಡಾ 44ರಿಂದ 26ಕ್ಕೆ ಇಳಿಯಿತೆಂದು 1987ರಲ್ಲಿ ತಿಳಿದುಬಂತು. 1999ರ ಹೊತ್ತಿಗೆ ಬೀಟಾ ತಡೆ ಔಷಧಗಳೂ ಸ್ಪೈರನೊಲ್ಯಾಕ್ಟೋನ್ ಕೂಡ ಸೇರಿದವು. ನಾಲ್ಕನೆಯ ಗುಂಪಿನ ಮೂಲ ಮತ್ತೆ ಗಿಡವೇ: ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಕಂಡ ಫ್ಲೋರಿಜಿನ್. ಅದರ ಮಾದರಿಯಲ್ಲಿ ರೂಪಿಸಿದ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುತ್ತದೆಂದು 2019ರಲ್ಲಿ ಸಾಬೀತಾಯಿತು. ಇವುಗಳಿಗೆ ಪೂರಕವಾಗಿ ಡಿಗಾಕ್ಸಿನ್ ಇಂದೂ ಆಯ್ದ ರೋಗಿಗಳಿಗೆ, ವಿಶೇಷವಾಗಿ ಮಿಡಿತ ಏರುಪೇರಾಗಿ ವೇಗವಾದವರಿಗೆ, ಬಳಕೆಯಲ್ಲಿದೆ.

ನಮ್ಮ ಹೊಳೆಮತ್ತಿಯ ತೊಗಟೆಯನ್ನು ಆಯುರ್ವೇದ ಹೃದಯಕ್ಕೆ ಹಿತವೆಂದು ಹೇಳುತ್ತದೆ. ಅದರ ಮೇಲೂ ಪ್ರಯೋಗಗಳು ನಡೆದಿವೆ. ಆದರೆ ಮೇಲಿನ ಮಾತ್ರೆಗಳನ್ನು ಬಿಟ್ಟು ಅದನ್ನೇ ನಂಬುವಷ್ಟು ಪುರಾವೆ ದೊರೆತಿಲ್ಲ. ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ವಿದ್ಯಾರ್ಥಿ ಮಿತ್ರರೇ, ಹಳ್ಳಿಯ ಮನೆಗಳಲ್ಲಿ ಮಾತ್ರೆಯ ಹೆಸರು ಓದಿ ಹೇಳುವವರು ಹೆಚ್ಚಾಗಿ ನೀವೇ. ಬಾವು ಇಳಿಯಿತೆಂದು ಅಜ್ಜ ಮಾತ್ರೆ ನಿಲ್ಲಿಸಿದರೆ, ಬಾವು ಇಳಿದದ್ದು ಆ ಮಾತ್ರೆಯಿಂದಲೇ ಎಂದು ತಿಳಿಸಿ. ದಿನವೂ ಬೆಳಿಗ್ಗೆ ಅವರ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ 2 ಕಿಲೋ ಏರಿದರೆ, ಅಥವಾ ವಾಂತಿಯೊಡನೆ ಕಣ್ಣಿಗೆ ಎಲ್ಲವೂ ಹಳದಿ ಎನಿಸಿದರೆ, ಮುಂದಿನ ಸಂತೆಯ ದಿನದವರೆಗೆ ಕಾಯದೆ ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.