ಬಡ್ತಿ ಸಿಕ್ಕಿತು, ಗೆಳತಿಯರು ದೂರವಾದರೇ?

ನಿನ್ನೆವರೆಗೂ ನಿಮ್ಮ ಜೊತೆ ಊಟದ ಡಬ್ಬಿ ಹಂಚಿಕೊಂಡವರು ಇವತ್ತು ನೀವು ಬಂದ ಕೂಡಲೇ ಮಾತು ನಿಲ್ಲಿಸ್ತಾರಾ? ಬಡ್ತಿಯ ಖುಷಿ ವಾರದಲ್ಲೇ ಇಳಿಯಲು ಅಷ್ಟು ಸಾಕು.

ಬ್ರೂಕ್‌ಫೀಲ್ಡ್‌ನ ನನ್ನ ಗೆಳತಿಯೊಬ್ಬಳು ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ ವಿಧಾನಸೌಧದ ಕಡೆಯ ಸರ್ಕಾರಿ ಕಚೇರಿಗೆ ಹೋಗುತ್ತಾಳೆ. ಪ್ರಥಮ ದರ್ಜೆ ಸಹಾಯಕಿಯಾಗಿದ್ದವಳು ಅಧೀಕ್ಷಕಿಯಾದಳು. ಐಟಿ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ಯಜಮಾನರು, ‘ಟಾರ್ಗೆಟ್ ಕೊಡು, ವಾರಕ್ಕೊಂದು ರಿವ್ಯೂ ಮಾಡು’ ಎಂದರು. ಮಾಡಿದಳು. ಸಿಬ್ಬಂದಿ ಜಗಳವಾಡಲಿಲ್ಲ. ಟಿಪ್ಪಣಿಯಲ್ಲಿ ತಮ್ಮ ಅಭಿಪ್ರಾಯ ಬರೆಯುವುದನ್ನೇ ಬಿಟ್ಟು, ಪ್ರತಿ ಕಡತವನ್ನೂ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಇವಳ ಮೇಜಿಗೆ ತಂದಿಟ್ಟರು, ಅಷ್ಟೇ! ರಾತ್ರಿ ಎಂಟಾದರೂ ಅವಳು ಮನೆ ಸೇರುತ್ತಿರಲಿಲ್ಲ.

‘ಸರ್ಕಾರಿ ನೌಕರರೇ ಹಾಗೆ’ ಎಂದು ಮೂಗು ಮುರಿಯಬೇಡಿ. ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೊಡಬೇಕು. ಅದು ತಪ್ಪು ಮಾಡಿದ ನೌಕರರಿಂದಲೇ ವಸೂಲಿ. ಹಾಗೆಂದು ನಿಯಮ ಬಿಟ್ಟು ಅವಸರ ಮಾಡಿದರೆ ನಾಳೆ ಆಡಿಟ್‌ನವರು ಕೇಳುತ್ತಾರೆ. ಎಲ್ಲದಕ್ಕೂ ಬರಹದ ಆದೇಶ ಬೇಕು ಅನ್ನೋದು ಸೋಮಾರಿತನವಲ್ಲ, ಭಯ.

ಅಮೆರಿಕದ ಕ್ಯಾಮರೂನ್ ಮತ್ತು ಕ್ವಿನ್ ಎಂಬ ಪ್ರಾಧ್ಯಾಪಕರು ಕಚೇರಿಗಳ ಸ್ವಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಮನೆಯಂಥದ್ದು, ಹೊಸತನದ್ದು, ಪೈಪೋಟಿಯದ್ದು, ನಿಯಮ-ಶ್ರೇಣಿಯದ್ದು. ಯಾವ ಕಚೇರಿಯಲ್ಲೂ ನಾಲ್ಕೂ ಬೆರೆತಿರುತ್ತವೆ, ಸಾರಿನ ಪುಡಿಯ ಹಾಗೆ. ಪ್ರಮಾಣ ಮಾತ್ರ ಬೇರೆ.

ನೀವೂ ಒಮ್ಮೆ ಮಾಡಿ ನೋಡಿ. ಸಿಬ್ಬಂದಿಗೆ ಒಂದೊಂದು ಚೀಟಿ ಕೊಡಿ, ಹೆಸರು ಬರೆಸಬೇಡಿ. ಈಗಿರುವ ಕಚೇರಿಗೆ ನೂರು ಅಂಕಗಳನ್ನು ಈ ನಾಲ್ಕಕ್ಕೆ ಹಂಚಲಿ. ತಮಗೆ ಬೇಕಾದ ಕಚೇರಿಗೆ ಇನ್ನೊಂದು ನೂರು. ನೀವೂ ಬರೆಯಿರಿ, ಅವರದನ್ನು ನೋಡುವ ಮೊದಲೇ. ಎರಡರ ನಡುವೆ ಎಲ್ಲಿ ಅಂತರ ಹೆಚ್ಚೋ ಅಲ್ಲಿಂದ ಮಾತು ಶುರು ಮಾಡಿ. ಮೇಲಿನವರಿಗೆ ಹಿತವೆನಿಸಿದ್ದು ಕೆಳಗಿನವರಿಗೂ ಹಿತವೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ, ಅತ್ತೆಯರ ಹಾಗೆ!

ಗೆಳತಿಯ ಚೀಟಿಗಳಲ್ಲಿ ಹೊರಬಿದ್ದದ್ದೇನು ಗೊತ್ತೇ? ಇವಳು ಪೈಪೋಟಿಗೆ ನಲವತ್ತು ಕೊಟ್ಟಿದ್ದಳು. ಅವರಲ್ಲಿ ಹತ್ತು ದಾಟಿದವರೇ ಇಲ್ಲ. ಆದರೆ ನಿಯಮಕ್ಕೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಂಕ! ಅಲ್ಲಿಂದಲೇ ಹೊರಟಳು. ಯಾವ ಕಡತ ಯಾರ ಹಂತದಲ್ಲೇ ಮುಗಿಯಬೇಕು ಎಂಬುದನ್ನು ಬರೆದು, ಕೆಳಗೆ ತಾನೇ ಸಹಿ ಹಾಕಿದಳು. ಸಂಜೆ ಐದರ ರಿವ್ಯೂ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಮಕ್ಕಳನ್ನು ಶಾಲೆಯಿಂದ ಕರೆತರುವವರು ಅಲ್ಲಿ ಮೂವರಿದ್ದರು.

ಟಿಪ್ಪಣಿಗಳಲ್ಲಿ ಅಭಿಪ್ರಾಯ ಮತ್ತೆ ಕಾಣಿಸುತ್ತಿದೆಯಂತೆ. ಮಧ್ಯಾಹ್ನದ ಡಬ್ಬಿ ಮಾತ್ರ ಇನ್ನೂ ಬೇರೆಬೇರೆ.