ಮಧ್ಯಾಹ್ನ ಸುರುಳಿ, ಸಂಜೆ ಮತ್ತೆ ಹಸಿರು

ನವಲಗುಂದದ ಎರೆಹೊಲದಲ್ಲಿ ಹಿಂಗಾರಿ ಜೋಳದ ಎಲೆ ಮಧ್ಯಾಹ್ನ ಸುರುಳಿಯಾಗಿ, ಸಂಜೆಗೆ ಬಿಚ್ಚಿಕೊಳ್ಳುವುದೇಕೆ?

ಬೇರು ಹೀರುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾದಾಗ ಹೀಗಾಗುತ್ತದೆ. ಜೋಳದ ಎಲೆಯ ಮೇಲ್ಮೈಯಲ್ಲಿ ಉದ್ದಕ್ಕೆ ಸಾಲಾಗಿ ದೊಡ್ಡ, ತೆಳುಗೋಡೆಯ ಕೋಶಗಳಿರುತ್ತವೆ. ನೀರು ಕಡಿಮೆಯಾದೊಡನೆ ಇವು ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ ಸೊರಗಿ, ಎಲೆಯ ಅಂಚುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಬಿಸಿಲು ತಾಗುವ ಮೈ ಕಿರಿದಾಗುತ್ತದೆ, ಸುರುಳಿಯೊಳಗೆ ತೇವ ನಿಲ್ಲುತ್ತದೆ. ಜತೆಗೇ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಸುತ್ತದೆ. ಇದಕ್ಕೆ ಬೆಲೆಯೂ ಇದೆ: ಇಂಗಾಲದ ಡೈಆಕ್ಸೈಡ್ ಒಳಬರದೆ ಆಹಾರ ತಯಾರಿಕೆ ತಗ್ಗುತ್ತದೆ, ಆವಿಯಿಂದ ಸಿಗುತ್ತಿದ್ದ ತಂಪು ತಪ್ಪಿ ಎಲೆ ಕಾಯುತ್ತದೆ.

ಬಿಸಿಲು ಇಳಿದ ಮೇಲೆ ಬೇರು ತಂದ ನೀರು ಕೋಶಗಳನ್ನು ತುಂಬಿ ಎಲೆ ಬಿಚ್ಚುತ್ತದೆ. ಹಿಂಗಾರಿ ಜೋಳ ಬದುಕುವುದೇ ಎರೆಮಣ್ಣು ಹಿಡಿದಿಟ್ಟ ಮಳೆಯ ತೇವದ ಮೇಲೆ. ಮೇಲ್ಮಣ್ಣು ಒಣಗಿದರೂ ಬೇರು 1 ಮೀಟರಿಗಿಂತ ಆಳಕ್ಕೆ ಇಳಿಯಬಲ್ಲದು. ಕುಂದಗೋಳ, ಅಣ್ಣಿಗೇರಿ ಕಡೆ ಎಡೆ ಹೊಡೆದು ಬಿರುಕು ಮುಚ್ಚುವುದು ಆ ತೇವ ಹಾರಿಹೋಗದಿರಲೆಂದೇ. ನಿಜಕ್ಕೂ ಜಾಣ ಕೆಲಸ ಅದು.

ಮಧ್ಯಾಹ್ನದ ಸುರುಳಿಗೆ ಗಾಬರಿ ಬೇಡ. ಬೆಳಿಗ್ಗೆ 8 ಗಂಟೆಗೂ ಎಲೆ ಬಿಚ್ಚದಿದ್ದರೆ ಮಾತ್ರ ಬೇರಿಗೆ ನೀರು ಸಾಲುತ್ತಿಲ್ಲ ಎಂದರ್ಥ. ತೆನೆ ಹೊರಡುವ ಹೊತ್ತಿಗೆ ಹೀಗಾದರೆ, ಕೃಷಿ ಹೊಂಡದಲ್ಲಿ ನೀರಿದ್ದವರು ತಡಮಾಡದೆ ಒಂದು ಸಲ ಹಾಯಿಸಿ.